ಪದ್ಮಾ ಸೆಲ್ಲಿನ ಅನಂತರಾಜ

ಕೋಣಂದೂರಿನ ಬಸ್ ನಿಲ್ಲುವ ಜಾಗದ ಎದುರು ಟಾರ್ಚು, ಸೆಲ್ಲು, ಬಲ್ಬು ಮಾರುತ್ತಿದ್ದ ಅನಂತರಾಜರನ್ನು ಊರವರು ‘ತಗಡು ಡಾಕ್ಟ್ರು’ ಎನ್ನುತ್ತಿದ್ದರು. ಎದುರಿಗಲ್ಲ, ಅಂಗಡಿಯ ಮೆಟ್ಟಿಲಿಳಿದ ಮೇಲೆ. ಮದ್ದು ಕೊಡುವ ಡಾಕ್ಟರಲ್ಲ ಅವರು. ಬೆಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ, ಓದಿ ಮುಗಿದ ಮೇಲೂ ಓದಿ ಆ ಹೆಸರು ಪಡೆದವರು. ಅದಕ್ಕೆ ತಗಡು ಹೇಗೆ ಅಂಟಿಕೊಂಡಿತು ಎಂದು ಕೇಳಿದರೆ ಊರಿನಲ್ಲಿ ಯಾರು ಬೇಕಾದರೂ ಕಥೆ ಹೇಳುತ್ತಾರೆ. ಆ ಕಥೆ ಸುಳ್ಳು. ಅದರ ಬೇರು ನಮ್ಮ ಮನೆಯ ಹಿಂದಿನ ಭತ್ತದ ಮಳಿಗೆಯಲ್ಲಿದೆ. ಹುಟ್ಟಿಸಿದವರು ಬೇರೆ ಯಾರೂ ಅಲ್ಲ, ಅನಂತರಾಜರೇ.

ಅವರು ಮಳಿಗೆ ಬಾಡಿಗೆಗೆ ಕೇಳಿಕೊಂಡು ಬಂದದ್ದು ಅರವತ್ತಮೂರರ ದೀಪಾವಳಿಯ ಹಿಂದುಮುಂದು. ಹುಂಚದ ಜೈನರ ಮನೆಯವರು, ತಂದೆ ಇಲ್ಲ, ತಾಯಿ ಜಿನಮ್ಮ ಒಬ್ಬರೇ ಗದ್ದೆ ನೋಡಿಕೊಂಡು ಸಾಕಿದ ಮಗ ಎಂದು ನಮಗೆ ಗೊತ್ತಿತ್ತು. ಬೆಂಗಳೂರಿನಲ್ಲಿ ದೊಡ್ಡ ಪ್ರಯೋಗಶಾಲೆಯಲ್ಲಿದ್ದಾನಂತೆ ಎಂದು ಕೇಳಿದ್ದೆವು. ಆ ಮನುಷ್ಯ ಧೂಳು ಹಿಡಿದ ಪ್ಯಾಂಟಿನಲ್ಲಿ ನಮ್ಮ ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು.

ನನ್ನ ಯಜಮಾನರು ಹೂವಯ್ಯ ಕೇಳಿದರು: “ಭತ್ತ ತುಂಬ್ಸೋಕಾ?”

“ಅಲ್ಲ. ಟಾರ್ಚಿನ ಸೆಲ್ ಮಾಡೋಕೆ.”

“ಅದು ಕಲ್ಕತ್ತದಲ್ಲಿ ಆಗೋದಲ್ವಾ?”

“ಕಲ್ಕತ್ತದಲ್ಲಿ ದೇವರು ಬಂದು ಮಾಡ್ತಾನಾ ಹೂವಯ್ಯನೋರೆ? ಅಲ್ಲೂ ಮನುಷ್ಯರೇ ಮಾಡೋದು.”

ಹಾಗೆಂದು, ನಮ್ಮ ಮನೆಯ ಟಾರ್ಚಿನಿಂದಲೇ ಒಂದು ಸತ್ತ ಸೆಲ್ಲು ತೆಗೆಸಿ, ಕತ್ತಿಯಲ್ಲಿ ಸೀಳಿ ತೋರಿಸಿದರು. ಹೊರಗೆ ಸತುವಿನ ತಗಡಿನ ಡಬ್ಬಿ. ಅದರೊಳಗೆ ಹಿಟ್ಟಿನ ಗಂಜಿಯಂಥ ಬಿಳಿ ಅಂಟು. ನಡುವೆ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಕಪ್ಪು ಪುಡಿ, ಅದರ ಮಧ್ಯೆ ಇದ್ದಿಲಿನ ಕಡ್ಡಿ.

ಕೆಲಸಕ್ಕೆ ಬಂದಿದ್ದ ಗುತ್ಯಮ್ಮ ಬಗ್ಗಿ ನೋಡಿ, “ಹೂರಣ ಕರೀದು ಬಿಟ್ರೆ ಕಡುಬೇಯ” ಎಂದಳು. ಅನಂತರಾಜ ಜೋರಾಗಿ ನಕ್ಕರು. “ನೀನೇ ಬಾ ಕೆಲಸಕ್ಕೆ” ಎಂದರು. ಹಾಗೆ ಅವಳು ಸೇರಿದಳು, ಅವಳ ಹಿಂದೆ ಕೇರಿಯ ಇನ್ನಷ್ಟು ಹೆಂಗಸರು. ಲೇಬಲ್ಲು ಅಂಟಿಸುವ ಕೆಲಸಕ್ಕೆ ನಾನೂ ಕೂತೆ.

ಪ್ರಯೋಗಶಾಲೆ ಯಾಕೆ ಬಿಟ್ಟಿರಿ ಎಂದು ಅವರನ್ನು ಯಾರೂ ಕೇಳಬೇಕಾಗಿರಲಿಲ್ಲ. ಕಪ್ಪು ಪುಡಿ ಅರೆಯುತ್ತ ಅರೆಯುತ್ತ ತಾವೇ ಹೇಳುತ್ತಿದ್ದರು. ಆ ಪುಡಿ ನಮ್ಮ ಕುಂಸಿ ಕಡೆಯ ಗಣಿಯ ಕಲ್ಲಿನದು. ಮೊದಲೆಲ್ಲ ಆ ಕಲ್ಲು ಸೆಲ್ಲಿಗೆ ಆಗುವುದಿಲ್ಲ, ಆಫ್ರಿಕಾದಿಂದಲೇ ತರಿಸಬೇಕು ಎನ್ನುತ್ತಿದ್ದರಂತೆ. ಇವರು ಅದನ್ನು ಹುರಿದು, ಆಮ್ಲದಲ್ಲಿ ತೊಳೆದು, ಮತ್ತೆ ಹುರಿದು, ವರ್ಷಗಟ್ಟಲೆ ಅದರ ಹಿಂದೆ ಬಿದ್ದು ಕೊನೆಗೆ ಪರದೇಶದ ಕಲ್ಲಿಗೆ ಸಮ ಮಾಡಿದರು. ಅದು ವಿಲಾಯತಿ ಪತ್ರಿಕೆಯಲ್ಲಿ ಅಚ್ಚಾಯಿತು. ಇವರ ಹೆಸರು ಮೂರನೆಯದು. ಮೇಲಿನ ಎರಡು ಹೆಸರಿನವರು ಆ ಕಲ್ಲನ್ನು ಕೈಯಲ್ಲಿ ಮುಟ್ಟಿರಲಿಲ್ಲ. ಆಮೇಲೆ ದೊಡ್ಡ ಕಂಪನಿಯವರು ಕಾರಿನಲ್ಲಿ ಬಂದರು, ಪ್ರಯೋಗಶಾಲೆಯ ದೊಡ್ಡವರ ಕೈ ಕುಲುಕಿದರು, ವಿಧಾನ ತೆಗೆದುಕೊಂಡು ಹೋದರು.

“ಸಾರ್, ಇದನ್ನ ನಮ್ಮ ಜಿಲ್ಲೆಯಲ್ಲೇ ಮಾಡಬಹುದಲ್ಲ ಅಂದೆ. ಅದಕ್ಕೆ ಅವರು, ಅನಂತರಾಜ್, ನಾವು ತಿಳಿಯೋ ಜನ, ಮಾಡೋ ಜನ ಬೇರೆ ಅಂದ್ರು. ಮಾರನೆ ದಿನವೇ ರಾಜೀನಾಮೆ ಕೊಟ್ಟೆ.”

“ಸಂಬಳದ ಕೆಲಸ ಬಿಟ್ಟು ಮಸಿ ಕಲಸೋಕೆ ಬಂದ್ಯಲ್ಲೋ ಅನಂತೂ” ಎಂದು ಜಿನಮ್ಮ ಬಹಳ ದಿನ ಅತ್ತರು. ಹೆಣ್ಣು ಕೊಡುತ್ತೇವೆ ಎಂದಿದ್ದ ಕಾರ್ಕಳದ ಕಡೆಯವರು ಆ ಸುದ್ದಿ ಕೇಳಿ ಸುಮ್ಮನಾದರು. ಕೊನೆಗೆ ತಾಯಿಯೇ ಒಂದು ಷರತ್ತು ಹಾಕಿ ಸಮಾಧಾನ ಮಾಡಿಕೊಂಡರು: ಸೆಲ್ಲಿಗೆ ಹುಂಚದ ಪದ್ಮಾವತಿ ಅಮ್ಮನ ಹೆಸರಿಡಬೇಕು. ಇಟ್ಟರು. ಪದ್ಮಾ ಸೆಲ್. ಲೇಬಲ್ಲಿನ ಮೇಲೆ ಕೆಂಪು ತಾವರೆ, ಕೆಳಗೆ ಸಣ್ಣ ಅಕ್ಷರದಲ್ಲಿ ಕೋಣಂದೂರು. ನಮ್ಮ ಊರಿನ ಹೆಸರನ್ನು ಅಚ್ಚಿನಲ್ಲಿ ನಾನು ನೋಡಿದ್ದು ಅದೇ ಮೊದಲು.

ಒಂದು ವರ್ಷ ಬರೀ ಹಾಳಾಯಿತು. ಒಂದು ಸೆಲ್ಲು ತಿಂಗಳುಗಟ್ಟಲೆ ಉರಿದರೆ ಪಕ್ಕದ್ದು ವಾರಕ್ಕೇ ಸಾಯುತ್ತಿತ್ತು. ಅನಂತರಾಜರ ತಲೆಗೂದಲು ಬೆಳ್ಳಗಾದದ್ದು ಆ ವರ್ಷ. “ಲ್ಯಾಬಲ್ಲಿ ಒಂದು ಸರಿ ಬಂದ್ರೆ ಸಾಕು, ಬರೆದು ಕಳಿಸಬಹುದು. ಇಲ್ಲಿ ಒಂದು ತಪ್ಪಿದ್ರೆ ಮುಗೀತು, ಅದೇ ಊರೆಲ್ಲ ಓಡಾಡುತ್ತೆ” ಎನ್ನುತ್ತಿದ್ದರು. ಆಮೇಲೆ ಒಂದೊಂದೇ ಸರಿಯಾಯಿತು. ಬಟ್ಟೆ ಕಟ್ಟುವ ಬಿಗಿ ಹೆಂಗಸರ ಕೈಗೆ ಬಂತು. ಮೇಲಿನ ಅರಗು ಬಿರಿಯದಂತಾಯಿತು. ಎಲ್ಲಕ್ಕಿಂತ ಕಟ್ಟುನಿಟ್ಟು ಬಿಳಿ ಅಂಟಿನದು. ಗೋಧಿ ಹಿಟ್ಟು, ಗಂಜಿ ಪುಡಿ, ಕಲಾಯಿ ಹಾಕುವವರು ಬಳಸುವ ನವಸಾಗರದ ಉಪ್ಪು, ಇವನ್ನು ಹದವಾಗಿ ಬೇಯಿಸಬೇಕು. ಬೇಯಿಸುವುದು ಬಿಳಿ ಎನಾಮಲ್ ಬೇಸಿನ್ನಿನಲ್ಲಿ ಮಾತ್ರ, ತಿರುವುವುದು ಮರದ ಸಟ್ಟುಗದಲ್ಲಿ ಮಾತ್ರ. ಬೇರೆ ಯಾವ ಲೋಹವೂ ಸೋಕಬಾರದು. ಸೋಕಿದರೆ ಏನಾಗುತ್ತದೆ ಎಂದು ಗುತ್ಯಮ್ಮ ಕೇಳಿದ್ದಕ್ಕೆ, “ಒಳಗೊಳಗೇ ಡಬ್ಬಿ ತಿಂದು ಹಾಕುತ್ತೆ. ಹೊರಗೆ ಗೊತ್ತೇ ಆಗಲ್ಲ” ಎಂದಿದ್ದರು.

ಆ ಬೇಸಿನ್ನುಗಳನ್ನು ಅವರು ತಂದದ್ದು ಶಿವಮೊಗ್ಗದಲ್ಲಿ ಆಸ್ಪತ್ರೆ ಸಾಮಾನು ಮಾರುವ ಅಂಗಡಿಯಿಂದ. ಹೊಸವೇ. ಆದರೂ ಅದರ ಅಂಚಿನ ನೀಲಿ ಗೆರೆ ನೋಡಿದರೆ ಯಾರಿಗಾದರೂ ಆಸ್ಪತ್ರೆಯೇ ನೆನಪಾಗುತ್ತಿತ್ತು.

ಅರವತ್ತೈದರ ಭಾದ್ರಪದದಲ್ಲಿ ಯುದ್ಧ ಬಂತು. ರೇಡಿಯೋ ಇದ್ದವರ ಜಗಲಿಯಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಅದೇ ಹೊತ್ತಿಗೆ ಕಂಪನಿಯ ಸೆಲ್ಲು ಬರುವುದು ನಿಂತಿತು. ರೈಲೆಲ್ಲ ಮಿಲಿಟರಿಗೆ ಹೋಗಿದೆ ಎಂದರು. ಸಾಗರದಲ್ಲಿ ರೇಡಿಯೋ ಅಂಗಡಿ ಇಟ್ಟಿದ್ದ ಸೀತಾರಾಮಪ್ಪ, ಅದುವರೆಗೆ ನಮ್ಮ ಪೆಟ್ಟಿಗೆ ಇಳಿಸಿಕೊಳ್ಳಲು ಮುಖ ಸಿಂಡರಿಸುತ್ತಿದ್ದವನು, ‘ಇದ್ದಷ್ಟೂ ಕಳಿಸಿ’ ಎಂದು ಬಸ್ಸಿನ ಕಂಡಕ್ಟರನ ಹತ್ತಿರ ಹೇಳಿಕಳಿಸಿದ. ಅನಂತರಾಜ ಅಂದು ಮಳಿಗೆಯಲ್ಲಿ ನಿಂತಲ್ಲಿ ನಿಲ್ಲಲಿಲ್ಲ.

“ಇದೊಂದು ಸಲ ಜನ ನಮ್ಮ ಸೆಲ್ ಹಾಕಿ ನೋಡಿದ್ರೆ ಸಾಕು. ಆಮೇಲೆ ಕಂಪನಿಯೋರು ಬಂದ್ರೂ ನಮ್ಮದನ್ನೇ ಕೇಳ್ತಾರೆ. ಕೆಟ್ಟರೆ ಮಾತ್ರ ಇನ್ನು ಯಾರೂ ಮುಟ್ಟಲ್ಲ” ಎಂದರು ನನ್ನ ಯಜಮಾನರಿಗೆ.

ಸತುವಿನ ತಗಡು ಮುಗಿಯುತ್ತ ಬಂದಿತ್ತು. ಅದಕ್ಕೆ ಪರ್ಮಿಟ್ಟು ಬೇಕು, ಪರ್ಮಿಟ್ಟಿಗೆ ಬೆಂಗಳೂರಿನಲ್ಲಿ ಕಾಯಬೇಕು. ಇರುವ ತಗಡಿನಲ್ಲಿ ಆದಷ್ಟು ಮಾಡಿ ಪೆಟ್ಟಿಗೆ ಕಳಿಸಿಬಿಡಿ ಎಂದು ಗುತ್ಯಮ್ಮನಿಗೆ ಹೇಳಿ ಅವರು ಹೊರಟರು. ಮಳಿಗೆ ನೋಡಿಕೊಳ್ಳಲು ಹುಂಚದಿಂದ ಜಿನಮ್ಮ ಬಂದರು.

ಅದು ಅವರ ವ್ರತದ ಕಾಲ. ಒಂದು ಹೊತ್ತು ಊಟ, ಸೋಸಿ ಕಾಯಿಸಿದ ನೀರು. ಆ ನೀರಿಗೆಂದೇ ಒಂದು ಅಗಲ ಬಾಯಿಯ ತಾಮ್ರದ ತಪ್ಪಲೆ. ಎಲ್ಲಿಗೆ ಹೋದರೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಸ್ಸಿನಲ್ಲಿ ಕೂರುತ್ತಿದ್ದರು. ದಿನಾ ಹುಣಸೆಹುಳಿ ಹಚ್ಚಿ ತಿಕ್ಕಿ ತಿಕ್ಕಿ ಅದು ಹೊಸ ಮಡಕೆಯ ಹಾಗೆ ಕೆಂಪಗಿತ್ತು.

ನಾನು ಹೊರಗಿನ ಜಗಲಿಯಲ್ಲಿ ಲೇಬಲ್ಲಿಗೆ ಅಂಟು ಬಳಿಯುತ್ತಿದ್ದೆ. ಒಳಗಿನ ಮಾತು ಗೋಡೆಯಾಚೆಯಿಂದ ಕೇಳುತ್ತಿತ್ತು.

“ಇದೆಂತ ಪಾತ್ರೆ ಗುತ್ಯಮ್ಮ?”

“ಬೇಸಿನ್ನು ಅಮ್ಮೋರೆ. ಅಂಟು ಬೇಯ್ಸೋದು.”

“ಇದು ಆಸ್ಪತ್ರೇಲಿ ರಕ್ತ ಹಿಡಿಯೋದಲ್ವೇ? ನಮ್ಮ ನಾದಿನಿಗೆ ಗಡ್ಡೆ ಕೊಯ್ದಾಗ ನೋಡಿದೀನಿ. ಇದೇ ನೀಲಿ ಗೆರೆ.”

“ಇದು ಹೊಸದಂತೆ. ಡಾಕ್ಟ್ರಯ್ಯ ಅಂಗಡಿಯಿಂದ ತಂದದ್ದು.”

“ಅಂಗಡಿಯೋನು ಹಳೇದು ಅಂತ ಹೇಳ್ತಾನಾ? ಪದ್ಮಾವತಿ ಅಮ್ಮನ ಹೆಸರು ಹೊರಗೆ ಅಂಟಿಸ್ತೀರಿ, ಒಳಗೆ ರಕ್ತ ಹಿಡಿದ ಪಾತ್ರೇಲಿ ಹಿಟ್ಟು ಬೇಯಿಸ್ತೀರಿ. ವರ್ಷಗಟ್ಟಲೆ ಯಾಕೆ ಕೈ ಹತ್ತಲಿಲ್ಲ ಅಂತ ಈಗ ಗೊತ್ತಾಯ್ತು ನಂಗೆ. ತಗೋ, ನನ್ನ ತಪ್ಪಲೆ.”

“ಅಮ್ಮೋರೆ, ಬ್ಯಾರೆ ಪಾತ್ರೆ ಬ್ಯಾಡ ಅಂದಾರೆ ಅವ್ರು. ಯಾವ ಲೋಹಾನೂ ಸೋಕ್ಬಾರ್ದಂತೆ.”

“ಕಬ್ಬಿಣ ಸೋಕಬಾರದು ಅಂದಿರ್ತಾನೆ. ಹುಳಿ ಪದಾರ್ಥ ತಾಮ್ರಕ್ಕೆ ಹಾಕಬಾರದು, ಅದು ನಂಗೂ ಗೊತ್ತು. ಇದು ಬರೀ ಹಿಟ್ಟು, ಉಪ್ಪು. ದೇವರ ಅಭಿಷೇಕಕ್ಕೆ ಆಗೋದು ನಿಮ್ಮ ಟಾರ್ಚಿಗೆ ಆಗಲ್ವಾ?”

ಸಾಹುಕಾರರ ತಾಯಿ, ಮೇಲಿಂದ ಉಪವಾಸ. ತಪ್ಪಲೆ ಒಲೆಗೇರಿತು. ಅಂಟು ಯಾವತ್ತಿಗಿಂತ ನುಣ್ಣಗೆ, ತಳ ಹಿಡಿಯದೆ ಬಂತು. ಜಿನಮ್ಮ ಜಪಸರ ಹಿಡಿದು ಒಲೆಯ ಹತ್ತಿರವೇ ಕೂತಿದ್ದರು. ದಿನಾ ಅದೇ ಆಯಿತು. ತಯಾರಾದ ಸೆಲ್ಲಿಗೆ ಬಲ್ಬು ಹಿಡಿದರೆ ಕಣ್ಣು ಕೋರೈಸುವ ಹಾಗೆ ಉರಿಯಿತು. ಪೆಟ್ಟಿಗೆಗಳು ಸಾಗರದ ಬಸ್ಸಿನ ಮೇಲೆ ಹತ್ತಿದವು.

ಅನಂತರಾಜ ಬೆಂಗಳೂರಿನಿಂದ ಬಂದದ್ದು ಒಂದು ಮಧ್ಯಾಹ್ನ. ಪರ್ಮಿಟ್ಟು ಸಿಕ್ಕಿತ್ತು, ಮುಖದಲ್ಲಿ ನಗು ಇತ್ತು. ಚೀಲ ಇಳಿಸುವ ಮೊದಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದ್ದ ತಪ್ಪಲೆ ಕಂಡಿತು. ಅದರ ಪಕ್ಕದಲ್ಲಿ ಮರದ ಸಟ್ಟುಗ. ತಪ್ಪಲೆ ಎತ್ತಿ ಒಳಗೆ ನೋಡಿದರು. ಒಳಗೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನವಸಾಗರ ತಾಮ್ರದ ಮೈ ಕೆರೆದು ಬೆಳಗುತ್ತದೆ ಎಂದು ಕಲಾಯಿಯವನನ್ನು ನೋಡಿದ ನಮಗೆಲ್ಲ ಗೊತ್ತು. ಕೆರೆದದ್ದು ಎಲ್ಲಿಗೆ ಹೋಯಿತು ಎಂದು ಯೋಚಿಸಿದವರು ಅಲ್ಲಿ ಅವರೊಬ್ಬರೇ.

ಜಿನಮ್ಮ ಹೊರಗೆ ಬಂದು, “ನೋಡ್ದೇನೋ ಹೆಂಗೆ ಹೊಳೀತಿದೆ? ನಿನ್ನ ಆ ದರಿದ್ರ ಬೇಸಿನ್ನು ಮುಟ್ಟೋಕೆ ಬಿಡಲಿಲ್ಲ ನಾನು. ಅಷ್ಟೂ ಶುದ್ಧದಲ್ಲಿ ಮಾಡಿಸಿದೀನಿ” ಎಂದರು.

ಮಗ ತಾಯಿಯ ಮುಖ ನೋಡಿದರು. ಉಪವಾಸದಿಂದ ಬತ್ತಿದ ಮುಖ, ಮೆಚ್ಚುಗೆಯ ಮಾತಿಗೆ ಕಾಯುತ್ತಿತ್ತು.

“ಎಷ್ಟು ಕಳಿಸಿದ್ರಿ?” ಎಂದು ಗುತ್ಯಮ್ಮನನ್ನು ಕೇಳಿದರು.

“ಎಲ್ಲಾನೂ ಡಾಕ್ಟ್ರಯ್ಯ. ಒಂದೂ ಉಳೀಲಿಲ್ಲ.”

ಅವರು ನನ್ನ ಯಜಮಾನರನ್ನು ಕರೆದುಕೊಂಡು ರಿಪ್ಪನ್‌ಪೇಟೆ ಮೇಲೆ ಹೋಗುವ ಬಸ್ಸು ಹತ್ತಿದರು. ಸಾಗರದಲ್ಲಿ ನಡೆದದ್ದನ್ನು ಯಜಮಾನರು ಸಾಯುವ ತನಕ ಹಲ್ಲು ಕಚ್ಚಿಯೇ ಹೇಳುತ್ತಿದ್ದರು. ಅಂಗಡಿಯ ತುಂಬ ಜನ. ಪೆಟ್ಟಿಗೆ ಅರ್ಧಕ್ಕರ್ಧ ಇನ್ನೂ ಒಡೆದಿರಲಿಲ್ಲ. ಅನಂತರಾಜ ಸೀತಾರಾಮಪ್ಪನನ್ನು ಪಕ್ಕಕ್ಕೆ ಕರೆದು, ಸೆಲ್ಲು ವಾಪಸು ಕೊಡಿ, ಸರಿಯಿಲ್ಲ, ಸೋರುತ್ತದೆ ಎಂದರು.

ಸೀತಾರಾಮಪ್ಪ ಒಂದು ಟಾರ್ಚಿಗೆ ಸೆಲ್ಲು ತುಂಬಿ ಇವರ ಕಣ್ಣಿಗೇ ಬಿಟ್ಟ. “ಸೋರ್ತಾ ಇದೆಯಾ ಡಾಕ್ಟ್ರೆ? ಕಣ್ಣು ಕಾಣ್ತದಾ ನಿಮಗೆ? ಮಾಡಿದೋರೇ ಬಂದು ಹಾಳು ಅನ್ನೋದು ಎಲ್ಲಾದ್ರೂ ಉಂಟಾ? ಶಿವಮೊಗ್ಗದಲ್ಲಿ ಜಾಸ್ತಿ ಕೊಡೋರು ಸಿಕ್ಕಿರಬೇಕು ನಿಮಗೆ.”

“ಅಲ್ಲ ಸೀತಾರಾಮಪ್ಪ. ಒಂದು ತಿಂಗಳು ಬಾಳಲ್ಲ ಇದು.”

“ಯಾಕೆ ಬಾಳಲ್ಲ? ಕಾರಣ ಹೇಳಿ.”

ಅನಂತರಾಜ ಆ ಟಾರ್ಚು ಆರಿಸಿ ಮೇಜಿನ ಮೇಲಿಟ್ಟು, “ತಗಡು ಸರಿಯಿಲ್ಲ. ಸತುವಿನ ತಗಡು. ನಾನು ನೋಡದೆ ತಂದೆ” ಎಂದರು.

ಸುಳ್ಳು ಹುಟ್ಟಿದ್ದು ಆಗ. ಸೀತಾರಾಮಪ್ಪ ಒಂದು ಪೆಟ್ಟಿಗೆ ಮಾತ್ರ ಇವರ ಕೈಗಿಟ್ಟು, ಉಳಿದದ್ದನ್ನು ಅಂದು ಸಂಜೆಯೊಳಗೇ ಮಾರಿ ಮುಗಿಸಿದ. ಒಂದೊಂದು ಸಾಗರದ ಪೇಟೆಯಲ್ಲಿ, ಒಂದೊಂದು ಹೆಗ್ಗೋಡು, ಆನಂದಪುರದ ಕಡೆ, ಒಂದಿಷ್ಟು ತಿರುಗಿ ನಮ್ಮ ಊರಿಗೇ.

ಬರುವಾಗ ಬಸ್ಸಿನಲ್ಲಿ ಯಜಮಾನರು ಬೈದರು. “ನಿಜ ಯಾಕೆ ಹೇಳಲಿಲ್ಲ ನೀವು? ತಗಡು ಹೇಗಿತ್ತು ಅಂತ ನಂಗೆ ಗೊತ್ತಿಲ್ವಾ?”

“ಹೇಳಿದ್ರೆ ಮೂರು ದಿನದಲ್ಲಿ ಅಮ್ಮನ ಕಿವಿಗೆ ಬೀಳುತ್ತೆ. ಇರುವೆ ತುಳಿದರೆ ಒಂದು ದಿನ ಊಟ ಬಿಡೋರು ಅವರು. ಇಷ್ಟು ಮನೆಯ ರೇಡಿಯೋ ಹಾಳಾಗೋದು ತಮ್ಮ ತಪ್ಪಲೆಯಿಂದಲೇ ಅಂತ ಗೊತ್ತಾದ್ರೆ ಅನ್ನ ಮುಟ್ತಾರಾ ಹೂವಯ್ಯನೋರೆ? ನಾನು ಮತ್ತೆ ಸೆಲ್ ಮಾಡಬಹುದು.”

ಮತ್ತೆ ಮಾಡಬಹುದು ಎಂದು ಅವರು ನಿಜವಾಗಿ ನಂಬಿದ್ದರು. ಗುತ್ಯಮ್ಮನ ಬಾಯಿಗೂ ನಮ್ಮ ಬಾಯಿಗೂ ಬೀಗ ಬಿತ್ತು.

ಯುದ್ಧ ನಿಂತಿತು. ಸೆಲ್ಲು ಸೋರತೊಡಗಿತು. ಡಬ್ಬಿ ತೂತುಬಿದ್ದು, ಒಳಗಿನ ರಸ ಬಂದು, ಬೆಳ್ಳಗೆ ಹೂವಿನ ಹಾಗೆ ಕಟ್ಟಿ, ಟಾರ್ಚಿನ ಸ್ಪ್ರಿಂಗನ್ನೂ ರೇಡಿಯೋದ ತಂತಿಯನ್ನೂ ತಿಂದಿತು. ಮಳಿಗೆಯ ಮೆಟ್ಟಿಲಿನ ಮೇಲೆ ಜನ ತಂದು ಎಸೆದು ಹೋಗುತ್ತಿದ್ದರು. “ತಾವರೆ ಅರಳೈತೆ, ತಗಳಿ” ಎಂದು ಒಬ್ಬ ಕೂಗಿ ಹೋದ. ಸೀತಾರಾಮಪ್ಪ ತನ್ನ ಅಂಗಡಿಗೆ ಬಂದವರಿಗೆಲ್ಲ, “ನಾನೇನು ಮಾಡ್ಲಿ? ಎಲ್ಲಾ ಮಾರಿ ಆದ ಮೇಲೆ ಆ ಡಾಕ್ಟ್ರೇ ಬಂದು ತಗಡು ಸರಿಯಿಲ್ಲ ಅಂತ ಒಪ್ಕೊಂಡು ಹೋಗಿದಾನೆ, ಸಾಕ್ಷಿ ಐತೆ” ಎಂದ. ಸಾಕ್ಷಿ ನನ್ನ ಯಜಮಾನರು! ಸಾಗರಕ್ಕೆ ಹೋಗಿ ಜಗಳ ಮಾಡಿ ಬಂದರು. ಆದರೆ ಪೂರ್ತಿ ನಿಜ ಹೇಳದೆ ಅರ್ಧ ಜಗಳ ಮಾಡಿದರೆ ಯಾರು ಕೇಳುತ್ತಾರೆ?

ನಮ್ಮ ಪಕ್ಕದ ಕೇರಿಯ ರಂಗಮ್ಮ ಒಂದು ದಿನ ಸೆರಗಿನೊಳಗೆ ಟ್ರಾನ್ಸಿಸ್ಟರ್ ಇಟ್ಟುಕೊಂಡು ಬಂದಳು. ಮಿಲಿಟರಿಯಲ್ಲಿದ್ದ ಮಗ ರಜೆಗೆ ಬಂದಾಗ ತಂದುಕೊಟ್ಟದ್ದು. ಅವಳು ಬೈಯಲಿಲ್ಲ.

“ಇದು ರಿಪೇರಿ ಆಗ್ತದಾ ಅಯ್ಯ? ಮಗ ಇರೋ ಕಡೆ ಸುದ್ದಿ ಇದ್ರಾಗೇ ಕೇಳ್ತಿದ್ದೆ. ಅವನ ಹೆಸರು ಹೇಳಲ್ಲ, ಆದ್ರೂ ಏನೂ ಹೇಳ್ಲಿಲ್ಲ ಅಂದ್ರೆ ಅವ ಚೆನ್ನಾಗವ್ನೆ ಅಂತ.”

ಅನಂತರಾಜ ಅದನ್ನು ಬಿಚ್ಚಿ, ಕಡ್ಡಿಗೆ ಹತ್ತಿ ಸುತ್ತಿ ಸಂಜೆಯವರೆಗೂ ಒರೆಸಿದರು. ಒಳಗಿನ ಸುರುಳಿಯೇ ಹೋಗಿತ್ತು. “ಆಗಲ್ಲಮ್ಮ” ಎಂದರು. ಅವಳು ಸತ್ತ ಮಗುವನ್ನು ಎತ್ತಿಕೊಂಡ ಹಾಗೆ ಅದನ್ನು ಎತ್ತಿಕೊಂಡು ಹೋದಳು. ಮಗ ಮುಂದೆ ಸುಖವಾಗಿ ಬಂದ. ರಂಗಮ್ಮ ಮಾತ್ರ ಮತ್ತೆಂದೂ ಅವರ ಕಡೆ ಮುಖ ಎತ್ತಿ ನೋಡಲಿಲ್ಲ.

ಜಿನಮ್ಮನೂ ಜನರ ಬೈಗುಳ ಕೇಳಿದರು. ತಗಡಿನ ಮಾತೂ ಅವರ ಕಿವಿಗೆ ಬಿತ್ತು. ಅವರು ಮಗನನ್ನು ನಮ್ಮೆಲ್ಲರ ಎದುರಿಗೇ ನಿಲ್ಲಿಸಿ, “ಅಷ್ಟು ಓದಿದ್ಯಲ್ಲೋ, ಒಂದು ತಗಡು ನೋಡಿ ತರೋಕೆ ಬರಲಿಲ್ವಾ ನಿಂಗೆ? ದೇವರ ಹೆಸರು ಬೀದೀಲಿ ಬಿತ್ತಲ್ಲೋ!” ಎಂದರು. ಗುತ್ಯಮ್ಮ ಬಾಯಿ ತೆರೆದಳು. ಅನಂತರಾಜ ಅವಳನ್ನು ನೋಡಿದ ನೋಟಕ್ಕೆ ಮುಚ್ಚಿದಳು.

ಆಮೇಲೆ ತಾಯಿಯೇ ಕರಗಿದರು. ತಮ್ಮ ಕೊರಳಿನ ಚಿನ್ನ ಮಾರಿ ಹೊಸ ತಗಡು ತರಿಸು, ಇನ್ನೊಂದು ಸಲ ಮಾಡು ಎಂದರು. “ಈ ಸಲ ನಾನು ಇಲ್ಲೇ ಬಂದು ಇರ್ತೀನಿ. ಒಲೆ ಮುಂದೆ ನಾನೇ ಕೂರ್ತೀನಿ. ತಪ್ಪಲೆ ನಂದೇ ಇದೆ. ನೀನು ತಗಡೊಂದು ನೋಡ್ಕೊ.”

ಮಾಡಿದರೆ ತಪ್ಪಲೆಯಲ್ಲಿ ಮಾಡಬೇಕು, ಇಲ್ಲವೇ ತಪ್ಪಲೆ ಯಾಕೆ ಬೇಡ ಎಂದು ಹೇಳಬೇಕು. “ಬೇಡಮ್ಮ. ನನಗೆ ಸಾಕಾಗಿದೆ” ಎಂದರು. ಆ ವಾರವೇ ಮಳಿಗೆ ಖಾಲಿ ಮಾಡಿದರು. ಮಿಕ್ಕಿದ ಲೇಬಲ್ಲುಗಳನ್ನು ಗುತ್ಯಮ್ಮನ ಒಲೆಗೆ ಹಾಕಿಸಿದರು. ಓದಿದ್ದು ವ್ಯರ್ಥ, ಮೇಲಿಂದ ಮೈಗಳ್ಳ ಎಂದು ತಾಯಿ ಹುಂಚದಲ್ಲಿ ಹೇಳಿಕೊಂಡು ಅತ್ತರಂತೆ.

ಪ್ರಯೋಗಶಾಲೆಯವರು ಅವರನ್ನು ತಿರುಗಿ ಸೇರಿಸಿಕೊಳ್ಳಲಿಲ್ಲ. ಅರವತ್ತಾರರ ಬೇಸಿಗೆಯಲ್ಲಿ ಅವರು ಬಸ್ ನಿಲ್ಲುವ ಜಾಗದ ಎದುರು ಆ ಸಣ್ಣ ಅಂಗಡಿ ಹಿಡಿದರು. ಮಾರುವುದು ಕಂಪನಿಯ ಸೆಲ್ಲು. ಅಂದು ಕಾರಿನಲ್ಲಿ ಬಂದು ಇವರ ವಿಧಾನ ತೆಗೆದುಕೊಂಡು ಹೋದ ಅದೇ ಕಂಪನಿ. ಅದರ ಏಜೆಂಟು, ಮೀಸೆ ಚಿಗುರದವನು, ಮೊದಲ ದಿನ ಬಂದು ಪಾಠ ಹೇಳಿದ್ದನ್ನು ನಾನು ಅಲ್ಲೇ ನಿಂತು ಕೇಳಿದ್ದೇನೆ: “ಒಳಗೆ ಏನಿರುತ್ತೆ ಅನ್ನೋದು ನಿಮಗೆ ಬೇಡ. ಒಣ ಜಾಗದಲ್ಲಿ ಇಟ್ಟು ಮಾರಿದ್ರೆ ಸಾಕು.” ಅನಂತರಾಜ, “ಆಗಲಿ ಸಾರ್” ಎಂದರು.

ಜಿನಮ್ಮ ಕೊನೆಯ ಎರಡು ವರ್ಷ ಆ ಅಂಗಡಿಯ ಹಿಂದಿನ ಕೋಣೆಯಲ್ಲೇ ಇದ್ದರು. ನೋಡಲು ಹೋದಾಗ ನನ್ನ ಕೈ ಹಿಡಿದು ಹೇಳುತ್ತಿದ್ದುದು ಒಂದೇ ಮಾತು. “ನನ್ನ ಮಗ ಕೆಟ್ಟೋನಲ್ಲ ಕಣೆ. ಕೈಗೆಲಸಕ್ಕೆ ಆಗೋನಲ್ಲ ಅಷ್ಟೆ. ನನ್ನ ಪಾಲಿಂದು ನಾನು ಎಷ್ಟು ಶುದ್ಧದಲ್ಲಿ ಮಾಡಿಸಿ ಕೊಟ್ಟೆ, ನೀನೇ ನೋಡಿದೀಯಲ್ಲ.” ಮಗ ಅದೇ ತಪ್ಪಲೆಯ ಬಾಯಿಗೆ ಬಟ್ಟೆ ಕಟ್ಟಿ ನೀರು ಸೋಸುತ್ತ, “ಹೌದಮ್ಮ, ನೀರು ಕುಡಿ” ಎನ್ನುತ್ತಿದ್ದರು.

ತಾಯಿ ತೀರಿಕೊಂಡ ಮೇಲೆ ಯಜಮಾನರು ಹೋಗಿ, “ಇನ್ನಾದ್ರೂ ನಾಲ್ಕು ಜನಕ್ಕೆ ನಿಜ ಹೇಳಿ. ಮಳಿಗೆ ಖಾಲಿನೇ ಇದೆ” ಎಂದರು.

“ಈಗ ಹೇಳಿದ್ರೆ ಏನಂತಾರೆ ಹೇಳಿ. ತನ್ನ ತಪ್ಪು ಸತ್ತೋಳ ತಲೆಗೆ ಕಟ್ಟಿದ ಅಂತಾರೆ. ಬಿಡಿ.”

ಅಂಗಡಿ ಮಾತ್ರ ನಡೆಯಿತು. ಸೆಲ್ಲು ಕೊಳ್ಳುವ ಮೊದಲು ತಿರುಗಿಸಿ ಮುರುಗಿಸಿ ನೋಡಿ, ಪಕ್ಕದವನಿಗೆ ಕಣ್ಣು ಹೊಡೆದು, “ಸೋರಲ್ವಲ್ಲ ಡಾಕ್ಟ್ರೆ?” ಎಂದು ಕೇಳುವುದು ನಮ್ಮೂರಿನ ಗಂಡಸರಿಗೆ ಒಂದು ಚಟವೇ ಆಗಿತ್ತು. ಅನಂತರಾಜ ಸೆಲ್ಲನ್ನು ಬಲ್ಬಿಗೆ ಹಿಡಿದು, ಉರಿಸಿ ತೋರಿಸಿ, ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು.

“ಇಲ್ಲಪ್ಪ, ಧೈರ್ಯವಾಗಿ ತಗೊಂಡು ಹೋಗು. ಇದು ನಾನು ಮಾಡಿದ್ದಲ್ಲ.”